ಹವಾಯಿಯದಲ್ಲದ ಹವಾಯಿ ಸ್ಯಾಂಡ್‌ವಿಚ್

ಕಳೆದ ತಿಂಗಳ ಒಂದು ಭಾನುವಾರ ಮಗಳ ಹಟಕ್ಕೆ ಮಣಿದು ಕೊಂಡಾಪುರದ ನಮ್ಮ ಫ್ಲ್ಯಾಟಿನಲ್ಲಿ ‘ಹವಾಯಿಯನ್ ಸ್ಯಾಂಡ್‌ವಿಚ್’ ಮಾಡಲು ಹೊರಟೆ. ಹಸಿ ಅನಾನಸ್ ಹೋಳುಗಳನ್ನು ಗಟ್ಟಿ ಮೊಸರಿನಲ್ಲಿ ಕಲಸಿ ಬೆಳಗ್ಗೆಯೇ ಫ್ರಿಜ್ಜಿನಲ್ಲಿಟ್ಟಿದ್ದೆ. ಮಧ್ಯಾಹ್ನ ಬಾಯಿಗಿಟ್ಟರೆ ಬರೀ ಕಹಿ!

“ಬ್ರೆಡ್ಡಿನಾಗ ಹಣ್ಣು ಯಾರರ ಇಡ್ತಾರೇನವಾ? ನಮ್ದಲ್ಲದ್ದು ನಮಗ್ಯಾಕ ಬೇಕು?” ಎಂದರು ಅತ್ತೆ. ಮಾವ ತೀರಿಕೊಂಡ ಮೇಲೆ ಕಲಬುರಗಿಯ ಮನೆಗೆ ಬೀಗ ಹಾಕಿ ನಮ್ಮೊಡನೆ ಬಂದಿದ್ದಾರೆ. ಆ ‘ನಮ್ದಲ್ಲದ್ದು’ ಸ್ಯಾಂಡ್‌ವಿಚ್ಚಿಗಷ್ಟೇ ಅಲ್ಲ, ಈ ಊರಿಗೂ ಸೇರಿಸಿ ಆಡಿದ ಮಾತೆಂದು ನನಗೆ ಗೊತ್ತಿತ್ತು.

ಎಂ.ಟೆಕ್. ಓದಿದವಳು, ತಪ್ಪು ಎಲ್ಲಾಯಿತೆಂದು ಹುಡುಕದೆ ಬಿಡಲಾರೆ. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಅದಕ್ಕೇ ಕಹಿ. ಬಿಸಿ ತಾಗಿದರೆ ಅದರ ಆಟ ಮುಗಿಯಿತು. ಡಬ್ಬಿಯ ಅನಾನಸ್ ಕಾದು ಬಂದಿರುವುದರಿಂದ ಈ ತೊಂದರೆಯಿಲ್ಲ. ಡಬ್ಬಿಯ ಜಾಡು ಹಿಡಿದು ಹೊರಟವಳಿಗೆ ಇತಿಹಾಸವೇ ಸಿಕ್ಕಿತು.

ಅನಾನಸ್‌ನ ತವರು ದಕ್ಷಿಣ ಅಮೆರಿಕ. 1493ರಲ್ಲಿ ಕೊಲಂಬಸ್‌ನ ತಂಡ ಗ್ವಾಡೆಲೂಪ್ ದ್ವೀಪದಲ್ಲಿ ಅದನ್ನು ಕಂಡಿತು. 16ನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಹೆಸರೂ ಬ್ರೆಜಿಲ್‌ನ ತುಪಿ ಜನರದೇ. ಆಗ್ರಾದ ತೋಟದಲ್ಲಿ ಅನಾನಸ್ ಬೆಳೆಯುತ್ತಿದ್ದುದನ್ನು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹವಾಯಿಯಲ್ಲಿ ಅದನ್ನು ನೆಟ್ಟ ದಾಖಲೆ ಸಿಗುವುದು 1813ರಲ್ಲಿ, ಸ್ಪೇನಿನ ಮರೀನ್ ಎಂಬವನ ದಿನಚರಿಯಲ್ಲಿ. ಆ ಹೊತ್ತಿಗೆ ಜಹಾಂಗೀರ್ ತೀರಿಕೊಂಡು 185 ವರ್ಷ ದಾಟಿತ್ತು!

ಹವಾಯಿಯವರು ಅದನ್ನು ‘ಹಲಾ ಕಹಿಕಿ’ ಎನ್ನುತ್ತಾರೆ. ಹಲಾ ಎಂದರೆ ನಮ್ಮ ಕೇದಗೆಯ ಜಾತಿಯ ಗಿಡ, ಕಹಿಕಿ ಎಂದರೆ ಪರದೇಶ. ಪರದೇಶಿ ಕೇದಗೆ! ಮಲಯಾಳಿಗಳ ‘ಕೈತಚ್ಚಕ್ಕ’ವೂ ಕೇದಗೆ ಹಲಸೇ. ನಾವು ಪಪ್ಪಾಯಿಯನ್ನು ಪರಂಗಿ ಹಣ್ಣು ಎಂದಂತೆ, ಹವಾಯಿಯವರೂ ಅನಾನಸ್ಸನ್ನು ಹೊರಗಿನದೆಂದೇ ಕರೆದರು.

ಮುಂದಿನ ಕಥೆ ಅಷ್ಟು ಸಿಹಿಯಲ್ಲ. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪಟ್ಟದಿಂದ ಇಳಿಸಲಾಯಿತು, 1898ರಲ್ಲಿ ಅಮೆರಿಕ ಆ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. 1901ರಲ್ಲಿ ಜೇಮ್ಸ್ ಡೋಲ್ ಅನಾನಸ್ ಕಂಪನಿ ಕಟ್ಟಿದ. ಹೆನ್ರಿ ಜಿನಾಕ ರೂಪಿಸಿದ ಯಂತ್ರ ಸಿಪ್ಪೆ, ದಿಂಡು ತೆಗೆಯುವ ಕೆಲಸವನ್ನು ಚಕಚಕನೆ ಮುಗಿಸಿತು. 1922ರಲ್ಲಿ ಕಂಪನಿ ಲನಾಯ್ ದ್ವೀಪವನ್ನು ಬಹುಪಾಲು ಕೊಂಡೇಬಿಟ್ಟಿತು. ಜಪಾನ್, ಫಿಲಿಪೀನ್ಸ್‌ಗಳಿಂದ ಬಂದ ಕೂಲಿಗಳು ದುಡಿದರು. ಡಬ್ಬಿ ಹೋದಲ್ಲೆಲ್ಲ ‘ಹವಾಯಿ’ ಹೆಸರೂ ಹೋಯಿತು. 1950ರ ದಶಕದಲ್ಲಿ ಜರ್ಮನಿಯ ಟಿ.ವಿ. ಅಡುಗೆಗಾರ ವಿಲ್ಮೆನ್‌ರೋಡ್ ಬ್ರೆಡ್ಡಿನ ಮೇಲೆ ಹ್ಯಾಮ್, ಅನಾನಸ್, ಚೀಸ್ ಇಟ್ಟು ‘ಟೋಸ್ಟ್ ಹವಾಯಿ’ಯನ್ನು ಮನೆಮಾತಾಗಿಸಿದ. ಹವಾಯಿಯನ್ ಪಿಜ್ಜಾ 1962ರಲ್ಲಿ ಕೆನಡಾದಲ್ಲಿ, ಗ್ರೀಸ್‌ನಿಂದ ವಲಸೆ ಬಂದ ಪನೊಪೌಲೊಸ್ ಕೈಯಲ್ಲಿ ಹುಟ್ಟಿದ್ದು. ಎರಡರಲ್ಲೂ ಹವಾಯಿಯವರ ಕೈಯಿಲ್ಲ!

ಮುಂದಿನ ಭಾನುವಾರ ಅನಾನಸ್ಸನ್ನು ಬೆಣ್ಣೆಯಲ್ಲಿ, ಚೂರು ಬೆಲ್ಲ, ಬ್ಯಾಡಗಿ ಮೆಣಸಿನ ಪುಡಿ ಹಾಕಿ ನೀರು ಆರುವವರೆಗೆ ಹುರಿದೆ. ನನ್ನ ತವರು ಶಿವಮೊಗ್ಗದ ಗೊಜ್ಜಿನ ಘಮ ಬಂತು. ಮೇಲೆ ಪನೀರು, ಈರುಳ್ಳಿ. ನೋಡುತ್ತಿದ್ದ ಅತ್ತೆ, “ಸಪ್ಪಗಾದೀತು, ತಡಿ” ಎಂದು ಶೇಂಗಾ ಹಿಂಡಿಯ ಡಬ್ಬಿ ತಂದರು.

“ಅತ್ತೆ, ಈ ಶೇಂಗಾ, ಮೆಣಸಿನಕಾಯಿ ಕೂಡ ಅನಾನಸ್ ಹಾಗೇ ಅಮೆರಿಕ ಖಂಡದಿಂದ ಬಂದಿದ್ದು” ಎಂದೆ.

“ಹಂಗಾದ್ರ ನಮ್ದು ಅಂಬೋದು ಯಾವುದವಾ?”

ನನಗೆ ಥಟ್ಟನೆ ಹೊಳೆದದ್ದು ಬೇರೆಯೇ. “ನೀವು ಹುಟ್ಟಿದಾಗ ಕಲಬುರಗಿ ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ ಅಲ್ವಾ? ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಲೆಕ್ಕ ಹಾಕಿದರೆ ಈ ಊರಿಗೆ ನನಗಿಂತ ನೀವೇ ಹತ್ತಿರದವರು.”

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮಪ್ಪ ಉರ್ದುದಾಗ ಸಾಲಿ ಕಲ್ತಿದ್ದ” ಎಂದು ಶುರು ಮಾಡಿದವರು ಊಟ ಮುಗಿದರೂ ನಿಲ್ಲಿಸಲಿಲ್ಲ. ಮಗಳು ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು. ಮಾತಿನ ನಡುವೆ ಅತ್ತೆ ಎರಡು ಸ್ಯಾಂಡ್‌ವಿಚ್ ತಿಂದರು.

ನೀವೂ ಮಾಡಿ ನೋಡಿ. ಅನಾನಸ್ಸನ್ನು ಮೊದಲು ಚೆನ್ನಾಗಿ ಹುರಿಯಿರಿ. ಹಿಂಡಿ ಮರೆಯಬೇಡಿ.