ನರಗುಂದದ ಗುಂಡು, ನಜೀರ್ ಸಾಬರ ಕಾಯ್ದೆ

ರಾಜ್ಯಗಳ ಹಕ್ಕಿನ ಚರ್ಚೆಯನ್ನು ನಾವು ಸಾಮಾನ್ಯವಾಗಿ ದೆಹಲಿಯಿಂದ ಆರಂಭಿಸುತ್ತೇವೆ. ಕರ್ನಾಟಕದ ಮಟ್ಟಿಗೆ ಅದನ್ನು ಮಲಪ್ರಭೆಯ ಕಾಲುವೆಯಿಂದ ಆರಂಭಿಸಿದರೇ ವಾಸಿ. ಚಚಡಿ, ಮುರಗೋಡಗಳಿರುವ ಸವದತ್ತಿ ಸೀಮೆಯಲ್ಲೇ, ನವಿಲುತೀರ್ಥದಲ್ಲಿ, ಆ ನದಿಗೆ ಅಣೆಕಟ್ಟು ಕಟ್ಟಲಾಗಿದೆ.

ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಸರ್ಕಾರ ರೈತರ ಮೇಲೆ ಅಭಿವೃದ್ಧಿ ಕರ ಹೇರಿತು. ಎಷ್ಟೋ ಹೊಲಗಳಿಗೆ ನೀರಿಗಿಂತ ಮೊದಲು ನೋಟೀಸು ಮುಟ್ಟಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಆ ಸಿಟ್ಟು ಆರಲಿಲ್ಲ. ಗೋಕಾಕ್ ಚಳವಳಿಯೂ ಸೇರಿಕೊಂಡು 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಉರುಳಿತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು.

ಹೆಗಡೆಯವರು ಹಣಕಾಸು ಬಲ್ಲವರು. ಹದಿಮೂರು ಬಜೆಟ್ ಮಂಡಿಸಿದವರು. ತೆರಿಗೆಯ ಫಲವತ್ತಾದ ಮೂಲಗಳು ಕೇಂದ್ರದ ಕೈಯಲ್ಲಿದ್ದು, ಶಾಲೆ, ಆಸ್ಪತ್ರೆ, ಕಾಲುವೆಗಳ ಹೊಣೆ ರಾಜ್ಯದ ಹೆಗಲಿಗಿದ್ದರೆ, ಕೊರತೆ ಬಿದ್ದಾಗ ರಾಜ್ಯ ಕೊನೆಗೆ ರೈತನ ಕಡೆಗೇ ಕೈ ಚಾಚುತ್ತದೆ. 1983ರ ಮಾರ್ಚಿನಲ್ಲಿ ಅವರು ದಕ್ಷಿಣದ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆಸಿ ಕೇಂದ್ರ-ರಾಜ್ಯ ಸಂಬಂಧದ ಪ್ರಶ್ನೆ ಎತ್ತಿದರು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿ ಸರ್ಕಾರಿಯಾ ಆಯೋಗವನ್ನು ಘೋಷಿಸಿದರು.

ಆದರೆ ಹೆಗಡೆ ಸರ್ಕಾರದ ಹೆಚ್ಚುಗಾರಿಕೆ ಅಷ್ಟೇ ಅಲ್ಲ. ದೆಹಲಿಯನ್ನು ಕೇಳಿದ್ದನ್ನು ಅದು ತನ್ನ ಹಳ್ಳಿಗಳಿಗೂ ಕೊಡಲು ಹೊರಟಿತು. ಕುಡಿಯುವ ನೀರಿನ ಕೊಳವೆಬಾವಿಗಳಿಂದ 'ನೀರ್ ಸಾಬ್' ಎನಿಸಿಕೊಂಡ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಮಸೂದೆ ತಂದರು. ವಿಧಾನಮಂಡಲ 1983ರಲ್ಲೇ ಒಪ್ಪಿದ ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ಸಿಕ್ಕಿದ್ದು 1985ರಲ್ಲಿ! ತನ್ನ ಹಳ್ಳಿಗಳಿಗೆ ಅಧಿಕಾರ ಕೊಡಲೂ ರಾಜ್ಯ ಎರಡು ವರ್ಷ ದೆಹಲಿಯ ಬಾಗಿಲಲ್ಲಿ ಕಾಯಬೇಕಾಯಿತು. 1987ರ ಚುನಾವಣೆಯಲ್ಲಿ ಕಾಲುಭಾಗ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. 1988ರಲ್ಲಿ ನಜೀರ್ ಸಾಬರು ತೀರಿಕೊಂಡರು.

ಮುಂದೆ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟಿದ್ದ ಶೇ. 4.713ರ ತೆರಿಗೆ ಪಾಲನ್ನು 15ನೇ ಆಯೋಗ ಶೇ. 3.647ಕ್ಕೆ ಇಳಿಸಿತು. 2024ರ ಫೆಬ್ರವರಿ 7ರಂದು ರಾಜ್ಯದ ಸಚಿವ ಸಂಪುಟವೇ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. ದೂರು ನ್ಯಾಯವಾದದ್ದೇ. ಬಡ ರಾಜ್ಯಗಳಿಗೆ ಹೆಚ್ಚು ಸಲ್ಲಬೇಕೆಂಬುದು ಸರಿ. ಒಂದೇ ಏಟಿಗೆ ಇಷ್ಟು ಕಡಿತವಾದರೆ ಯಾವ ಬಜೆಟ್ ತಾನೇ ತಾಳೀತು?

ಆದರೆ ಅದೇ ದಿನ, ನಜೀರ್ ಸಾಬರ ಕರ್ನಾಟಕದಲ್ಲಿ, 2021ರಲ್ಲಿ ಅವಧಿ ಮುಗಿದಿದ್ದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ಚುನಾವಣೆ ಇನ್ನೂ ನಡೆದಿರಲಿಲ್ಲ. ಅಲ್ಲಿ ಆಡಳಿತ ನಡೆಸುತ್ತಿದ್ದವರು ಅಧಿಕಾರಿಗಳು.