ಡಿಕ್, ಕೆರ್ ಲೇಡೀಸ್ ಫುಟ್‌ಬಾಲ್ ಕ್ಲಬ್

ಡಿಕ್, ಕೆರ್ ಲೇಡೀಸ್ ಫುಟ್‌ಬಾಲ್ ಕ್ಲಬ್ ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಪ್ರೆಸ್ಟನ್ ನಗರದಲ್ಲಿದ್ದ ಒಂದು ಮಹಿಳಾ ಫುಟ್‌ಬಾಲ್ ತಂಡ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಕಾರ್ಖಾನೆಯ ಮಹಿಳಾ ಕಾರ್ಮಿಕರಿಂದ ಆರಂಭವಾದ ಈ ತಂಡವು 1965ರವರೆಗೆ ಅಸ್ತಿತ್ವದಲ್ಲಿತ್ತು. ಈ ಅವಧಿಯಲ್ಲಿ ಅದು 800ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿ, 750ಕ್ಕೂ ಹೆಚ್ಚು ಪಂದ್ಯಗಳಲ್ಲಿ ಜಯ ಗಳಿಸಿತು. ತಂಡದ ಜನಪ್ರಿಯತೆ ಉತ್ತುಂಗದಲ್ಲಿದ್ದಾಗಲೇ, 1921ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರ ಪಂದ್ಯಗಳನ್ನು ನಿಷೇಧಿಸಿತು. ಆದುದರಿಂದ ಈ ತಂಡದ ಇತಿಹಾಸವನ್ನು ಮಹಿಳಾ ಫುಟ್‌ಬಾಲಿನ ಏಳುಬೀಳುಗಳ ಇತಿಹಾಸವೆಂದೂ ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಸ್ಕಾಟ್ಲೆಂಡಿನ ಡಬ್ಲ್ಯು. ಬಿ. ಡಿಕ್ ಮತ್ತು ಜಾನ್ ಕೆರ್ ಅವರ ಹೆಸರನ್ನು ಹೊತ್ತ 'ಡಿಕ್, ಕೆರ್ ಅಂಡ್ ಕಂಪನಿ'ಯು ಟ್ರಾಮ್ ಹಾಗೂ ರೈಲ್ವೆ ಉಪಕರಣಗಳನ್ನು ತಯಾರಿಸುತ್ತಿತ್ತು. ಯುದ್ಧ ಆರಂಭವಾದ ಮೇಲೆ ಅದರ ಪ್ರೆಸ್ಟನ್ ಕಾರ್ಖಾನೆಯು ಮದ್ದುಗುಂಡುಗಳ ತಯಾರಿಕೆಗೆ ತೊಡಗಿತು. ಪುರುಷರು ರಣರಂಗಕ್ಕೆ ತೆರಳಿದ್ದರಿಂದ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ಬಿಡುವಿನ ವೇಳೆಯಲ್ಲಿ ಅವರು ಕಾರ್ಖಾನೆಯ ಅಂಗಳದಲ್ಲಿ ಚೆಂಡಾಡುತ್ತಿದ್ದರು. 1917ರ ಅಕ್ಟೋಬರ್‌ನಲ್ಲಿ ಅಲ್ಲಿನ ಪುರುಷ ಕಾರ್ಮಿಕರೊಡನೆ ನಡೆದ ಅನೌಪಚಾರಿಕ ಪಂದ್ಯದಲ್ಲಿ ಅವರು ಗೆದ್ದರೆಂದು ಹೇಳಲಾಗುತ್ತದೆ.

ಗ್ರೇಸ್ ಸಿಬರ್ಟ್ ಎಂಬ ಕಾರ್ಮಿಕೆಯ ಮುಂದಾಳತ್ವದಲ್ಲಿ ತಂಡವು ರೂಪುಗೊಂಡಿತು. ಕಚೇರಿಯ ಕಿಟಕಿಯಿಂದ ಈ ಆಟವನ್ನು ಗಮನಿಸಿದ್ದ ನೌಕರ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್ ತಂಡದ ವ್ಯವಸ್ಥಾಪಕರಾದರು.

ಆರಂಭಿಕ ವರ್ಷಗಳು

ತಂಡದ ಮೊದಲ ಪ್ರಮುಖ ಪಂದ್ಯವು 1917ರ ಡಿಸೆಂಬರ್ 25ರಂದು ಪ್ರೆಸ್ಟನ್‌ನ ಡೀಪ್‌ಡೇಲ್ ಮೈದಾನದಲ್ಲಿ ನಡೆಯಿತು. ಸುಮಾರು 10,000 ಪ್ರೇಕ್ಷಕರ ಮುಂದೆ ಡಿಕ್, ಕೆರ್ ತಂಡವು ಅರುಂಡೆಲ್ ಕೌಲ್ಟರ್ಡ್ ಕಾರ್ಖಾನೆಯ ತಂಡವನ್ನು 4-0 ಗೋಲುಗಳಿಂದ ಸೋಲಿಸಿತು. ಪಂದ್ಯದಿಂದ ಬಂದ ಹಣವನ್ನು ಗಾಯಾಳು ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಮೂರ್ ಪಾರ್ಕ್ ಆಸ್ಪತ್ರೆಗೆ ಕೊಡಲಾಯಿತು. ದತ್ತಿ ಕಾರ್ಯಗಳಿಗಾಗಿ ಆಡುವುದು ಮುಂದೆಯೂ ತಂಡದ ಪದ್ಧತಿಯಾಯಿತು. ಆಟಗಾರ್ತಿಯರಿಗೆ ಪಂದ್ಯವೊಂದಕ್ಕೆ 10 ಶಿಲ್ಲಿಂಗ್ ಭತ್ಯೆ ದೊರೆಯುತ್ತಿತ್ತು. ಕಪ್ಪು-ಬಿಳುಪು ಪಟ್ಟೆಯ ಅಂಗಿ, ಅದೇ ಬಗೆಯ ಟೋಪಿ ಮತ್ತು ನೀಲಿ ಚಡ್ಡಿ ತಂಡದ ಸಮವಸ್ತ್ರವಾಗಿದ್ದವು.

1920ರಲ್ಲಿ ಆಲಿಸ್ ಮಿಲಿಯಾ ಅವರ ನೇತೃತ್ವದಲ್ಲಿ ಫ್ರಾನ್ಸಿನ ಮಹಿಳಾ ತಂಡವೊಂದು ಇಂಗ್ಲೆಂಡಿಗೆ ಬಂದಿತು. ಡೀಪ್‌ಡೇಲ್‌ನಲ್ಲಿ ನಡೆದ ಮೊದಲ ಪಂದ್ಯವನ್ನು ಸುಮಾರು 25,000 ಜನರು ವೀಕ್ಷಿಸಿದರು. ಆತಿಥೇಯ ತಂಡವು 2-0ರಿಂದ ಗೆದ್ದಿತು. ಅದೇ ವರ್ಷ ಡಿಕ್, ಕೆರ್ ತಂಡವು ಫ್ರಾನ್ಸಿಗೆ ತೆರಳಿ ಪ್ಯಾರಿಸ್, ರೂಬೆ, ಲ ಆವ್ರ್ ಮತ್ತು ರೂಆನ್ ನಗರಗಳಲ್ಲಿ ಆಡಿ, ಸೋಲಿಲ್ಲದೆ ಮರಳಿತು.

ಅದೇ ಡಿಸೆಂಬರ್‌ನಲ್ಲಿ ನಿರುದ್ಯೋಗಿ ಮಾಜಿ ಸೈನಿಕರ ನೆರವಿಗಾಗಿ ರಾತ್ರಿ ಪಂದ್ಯವೊಂದನ್ನು ಏರ್ಪಡಿಸಲಾಯಿತು. ಆಗಿನ ಯುದ್ಧ ಸಚಿವ ವಿನ್‌ಸ್ಟನ್ ಚರ್ಚಿಲ್ ಅವರ ಅನುಮತಿಯಿಂದ ಸೇನೆಯ ಶೋಧದೀಪಗಳನ್ನು ಬಳಸಲಾಯಿತು. ಆ ಬೆಳಕಿನಲ್ಲಿ ಕಾಣಲೆಂದು ಚೆಂಡಿಗೆ ಬಿಳಿ ಬಣ್ಣ ಬಳಿಯಲಾಗಿತ್ತು.

ಗುಡಿಸನ್ ಪಾರ್ಕ್ ಪಂದ್ಯ

1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಸೇಂಟ್ ಹೆಲೆನ್ಸ್ ತಂಡದ ವಿರುದ್ಧ ನಡೆದ ಪಂದ್ಯಕ್ಕೆ ಸುಮಾರು 53,000 ಪ್ರೇಕ್ಷಕರು ಬಂದಿದ್ದರು. ಇನ್ನೂ ಸಾವಿರಾರು ಜನರು ಒಳಗೆ ಜಾಗವಿಲ್ಲದೆ ಹೊರಗೇ ಉಳಿದರು. ಪ್ರಮುಖ ಗೋಲುಗಾರ್ತಿ ಫ್ಲೋರಿ ರೆಡ್‌ಫರ್ಡ್ ರೈಲು ತಪ್ಪಿಸಿಕೊಂಡಿದ್ದರಿಂದ, ರಕ್ಷಣಾ ವಿಭಾಗದಲ್ಲಿ ಆಡುತ್ತಿದ್ದ ನಾಯಕಿ ಆಲಿಸ್ ಕೆಲ್ ದ್ವಿತೀಯಾರ್ಧದಲ್ಲಿ ಮುಂಚೂಣಿಗೆ ಬಂದು ಮೂರು ಗೋಲು ಗಳಿಸಿದರು. ತಂಡವು 4-0ರಿಂದ ಗೆದ್ದಿತು; ದತ್ತಿ ಕಾರ್ಯಕ್ಕೆ 3,000 ಪೌಂಡ್‌ಗಳಿಗೂ ಹೆಚ್ಚು ಹಣ ಸಂಗ್ರಹವಾಯಿತು. ಮಹಿಳಾ ಕ್ಲಬ್ ಪಂದ್ಯವೊಂದಕ್ಕೆ ಸೇರಿದ ಪ್ರೇಕ್ಷಕರ ಸಂಖ್ಯೆಯಲ್ಲಿ ಇದು ದೀರ್ಘಕಾಲ ದಾಖಲೆಯಾಗಿತ್ತು. 2019ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಅಟ್ಲೆಟಿಕೊ ಮ್ಯಾಡ್ರಿಡ್–ಬಾರ್ಸಿಲೋನಾ ಪಂದ್ಯಕ್ಕೆ 60,739 ಜನರು ಸೇರುವುದರೊಂದಿಗೆ ಅದು ಮುರಿಯಲ್ಪಟ್ಟಿತು.

1921ರ ನಿಷೇಧ

1921ರ ವೇಳೆಗೆ ಇಂಗ್ಲೆಂಡಿನಲ್ಲಿ ಸುಮಾರು 150 ಮಹಿಳಾ ತಂಡಗಳಿದ್ದವು. ಆ ವರ್ಷದ ಡಿಸೆಂಬರ್ 5ರಂದು ಎಫ್‌ಎ ಒಂದು ನಿರ್ಣಯವನ್ನು ಅಂಗೀಕರಿಸಿತು. ಫುಟ್‌ಬಾಲ್ ಮಹಿಳೆಯರಿಗೆ ತಕ್ಕ ಆಟವಲ್ಲ, ಅದನ್ನು ಪ್ರೋತ್ಸಾಹಿಸಬಾರದು ಎಂಬುದು ಅದರ ಮೊದಲ ಕಾರಣ. ಸಂಗ್ರಹವಾದ ಹಣದಲ್ಲಿ ಅತಿಯಾದ ಪಾಲು ಖರ್ಚುವೆಚ್ಚಗಳಿಗೆ ಹೋಗುತ್ತಿದೆ, ದತ್ತಿಗೆ ಸಾಕಷ್ಟು ಸಲ್ಲುತ್ತಿಲ್ಲ ಎಂಬುದು ಎರಡನೆಯದು. ಇದರ ಪ್ರಕಾರ ಸದಸ್ಯ ಕ್ಲಬ್‌ಗಳು ಮಹಿಳೆಯರ ಪಂದ್ಯಗಳಿಗೆ ಮೈದಾನ ಕೊಡುವಂತಿರಲಿಲ್ಲ.

ಯುದ್ಧ ಮುಗಿದು ಪುರುಷರ ಲೀಗ್ ಪಂದ್ಯಗಳು ಮರಳಿ ಆರಂಭವಾಗಿದ್ದ ಕಾಲವದು. ಮಹಿಳೆಯರು ಕಾರ್ಖಾನೆಗಳಿಂದ ಮನೆಗೆ ಮರಳಬೇಕೆಂಬ ಅಭಿಪ್ರಾಯವೂ ಬಲವಾಗಿತ್ತು. ಮಹಿಳಾ ತಂಡಗಳು ಸೆಳೆಯುತ್ತಿದ್ದ ಜನಸಂದಣಿ ಮತ್ತು ಎಫ್‌ಎ ಹಿಡಿತಕ್ಕೆ ಸಿಗದ ಅವುಗಳ ಹಣ ಸಂಗ್ರಹವೂ ನಿಷೇಧಕ್ಕೆ ಕಾರಣವಾದವೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಉತ್ತ ಹೊಲದಲ್ಲಿ ಆಡಬೇಕಾಗಿ ಬಂದರೂ ಆಟ ನಿಲ್ಲಿಸುವುದಿಲ್ಲವೆಂದು ಫ್ರಾಂಕ್‌ಲ್ಯಾಂಡ್ ಪ್ರತಿಕ್ರಿಯಿಸಿದರು.

ನಿಷೇಧವು ಆಟವನ್ನೇ ಕಾನೂನುಬಾಹಿರಗೊಳಿಸಲಿಲ್ಲ. ಆದರೆ ದೊಡ್ಡ ಮೈದಾನಗಳು ಕೈತಪ್ಪಿದ್ದರಿಂದ ಪ್ರೇಕ್ಷಕರೂ ವರಮಾನವೂ ಕುಗ್ಗಿ, ಅನೇಕ ತಂಡಗಳು ಮುಚ್ಚಿಹೋದವು.

ಅಮೆರಿಕ ಪ್ರವಾಸ ಮತ್ತು ನಂತರದ ವರ್ಷಗಳು

1922ರಲ್ಲಿ ತಂಡವು ಉತ್ತರ ಅಮೆರಿಕಕ್ಕೆ ಪ್ರಯಾಣ ಬೆಳೆಸಿತು. ಕೆನಡಾದ ಫುಟ್‌ಬಾಲ್ ಸಂಸ್ಥೆಯು ಅಲ್ಲಿ ಆಡಲು ಅವಕಾಶ ನಿರಾಕರಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪುರುಷರ ತಂಡಗಳೇ ಎದುರಾಳಿಗಳಾಗಿದ್ದವು. ಒಂಬತ್ತು ಪಂದ್ಯಗಳ ಪೈಕಿ ಮೂರರಲ್ಲಿ ಜಯ, ಮೂರರಲ್ಲಿ ಸೋಲು ಉಂಟಾಗಿ, ಉಳಿದ ಮೂರು ಸಮಬಲದಲ್ಲಿ ಮುಗಿದವು. ಫ್ರಾನ್ಸಿನ ಕಾರ್ಮೆನ್ ಪೊಮಿಯೆ ಈ ಪ್ರವಾಸದಲ್ಲಿ ಗೋಲ್‌ಕೀಪರ್ ಆಗಿದ್ದರು.

ಯುದ್ಧಾನಂತರ ಕಾರ್ಖಾನೆಯು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ವಶಕ್ಕೆ ಬಂದಿತ್ತು. ಅದರೊಡನೆ ಫ್ರಾಂಕ್‌ಲ್ಯಾಂಡ್ ಅವರ ಸಂಬಂಧ ಕಡಿದ ಬಳಿಕ, 1926ರಿಂದ, ತಂಡವನ್ನು ಪ್ರೆಸ್ಟನ್ ಲೇಡೀಸ್ ಎಂದು ಕರೆಯಲಾಯಿತು. 1937ರಲ್ಲಿ ತಂಡವು ಎಡಿನ್‌ಬರೋ ತಂಡವನ್ನು 5-1ರಿಂದ ಸೋಲಿಸಿತು. 1957ರಲ್ಲಿ ಫ್ರಾಂಕ್‌ಲ್ಯಾಂಡ್ ನಿಧನರಾದ ಮೇಲೆ ಕ್ಯಾತ್ ಲೇತಮ್ ವ್ಯವಸ್ಥಾಪಕಿಯಾದರು. ಸಾಕಷ್ಟು ಆಟಗಾರ್ತಿಯರು ದೊರೆಯದೆ 1965ರಲ್ಲಿ ತಂಡವನ್ನು ವಿಸರ್ಜಿಸಲಾಯಿತು.

ಲಿಲಿ ಪಾರ್

ತಂಡದ ಅತ್ಯಂತ ಪ್ರಸಿದ್ಧ ಆಟಗಾರ್ತಿ ಲಿಲಿ ಪಾರ್ (1905–1978) ಸೇಂಟ್ ಹೆಲೆನ್ಸ್‌ನವರು. ಹದಿಹರೆಯದಲ್ಲೇ ತಂಡ ಸೇರಿದ ಅವರು ಎಡಗಾಲಿನ ಬಿರುಸಾದ ಹೊಡೆತಕ್ಕೆ ಹೆಸರಾಗಿದ್ದರು. 1951ರವರೆಗೆ ಆಡಿದ ಅವರು ಸಾವಿರದ ಸಮೀಪ ಗೋಲುಗಳನ್ನು ಗಳಿಸಿದ್ದಾರೆಂದು ಅಂದಾಜಿಸಲಾಗಿದೆ. ಜೀವನೋಪಾಯಕ್ಕಾಗಿ ಅವರು ವಿಟಿಂಗ್‌ಹ್ಯಾಮ್ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದರು. 2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯದ ಗೌರವಪಟ್ಟಿಗೆ ಸೇರಿದ ಮೊದಲ ಮಹಿಳೆ ಅವರು. 2019ರಲ್ಲಿ ಮ್ಯಾಂಚೆಸ್ಟರ್‌ನಲ್ಲಿರುವ ಆ ವಸ್ತುಸಂಗ್ರಹಾಲಯದಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ಪರಂಪರೆ

ಎಫ್‌ಎ ತನ್ನ ನಿಷೇಧವನ್ನು ಹಿಂತೆಗೆದುಕೊಂಡದ್ದು 1970ರ ದಶಕದ ಆರಂಭದಲ್ಲಿ. ನಿಷೇಧದ ಬಹುಪಾಲು ಕಾಲ ಮೈದಾನವಿಲ್ಲದೆಯೂ ಆಡುತ್ತ ಬಂದ ಪ್ರೆಸ್ಟನ್ ತಂಡವು, ಅದು ತೆರವಾಗುವ ವೇಳೆಗೆ ವಿಸರ್ಜನೆಗೊಂಡು ಕೆಲವು ವರ್ಷಗಳೇ ಕಳೆದಿದ್ದವು. ತಂಡದ ಮೊದಲ ಪಂದ್ಯಕ್ಕೆ ನೂರು ವರ್ಷ ತುಂಬಿದ 2017ರಲ್ಲಿ, ಆ ಪಂದ್ಯ ನಡೆದ ಡೀಪ್‌ಡೇಲ್‌ನಲ್ಲಿ ಸ್ಮಾರಕವೊಂದನ್ನು ಅನಾವರಣಗೊಳಿಸಲಾಯಿತು.