ಗಾಂಧಾರವಿಲ್ಲದ ಬಯಲು: ವೆಸ್ಟರ್ನ್ ಚಿತ್ರಗಳ ವಾದ್ಯವೃಂದ ಸಂಗೀತ, 1938–1968

ಅಮೆರಿಕದ ಪಶ್ಚಿಮ ಸೀಮೆಯ ದನಗಾಹಿಗಳ ಬಳಿ ಇದ್ದದ್ದು ಹೊತ್ತು ತಿರುಗಬಲ್ಲ ವಾದ್ಯಗಳು: ಫಿಡಲ್, ಬ್ಯಾಂಜೊ, ಗಿಟಾರ್, ಜೇಬಿನಲ್ಲಿ ಹಿಡಿಸುವ ಮೌತ್ ಆರ್ಗನ್. ಆದರೆ ಕೌಬಾಯ್ ಸಿನಿಮಾ ಎಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವುದು ಸಾಲುಸಾಲು ವಯಲಿನ್, ಫ್ರೆಂಚ್ ಹಾರ್ನ್, ಟ್ರಂಪೆಟ್‌ಗಳ ದೊಡ್ಡ ಮೇಳ. ಬಯಲಿನಲ್ಲಿ ಒಬ್ಬಂಟಿ ಸವಾರ. ಅವನ ಬೆನ್ನಿಗೆ ಕಣ್ಣಿಗೆ ಕಾಣದ ಹತ್ತಾರು ವಾದಕರು. ಈ ಮೇಳವನ್ನು ಅಲ್ಲಿಗೆ ತಂದವರು ಯಾರು ಎಂದು ಹುಡುಕಿದರೆ ಸಿಗುವ ಊರುಗಳ ಪಟ್ಟಿಯೇ ಸೋಜಿಗದ್ದು. ಕ್ರೆಮೆಂಚುಕ್, ಬ್ರೂಕ್ಲಿನ್, ರೋಮ್. ದನ ಕಾಯುವ ಸೀಮೆಯವರು ಒಬ್ಬರೂ ಇಲ್ಲ.

ಮೂಕಿ ಚಿತ್ರಗಳ ಕಾಲದಲ್ಲಿ ಈ ಪ್ರಕಾರಕ್ಕೆ ಸ್ವಂತ ದನಿ ಇರಲಿಲ್ಲ. ಥಿಯೇಟರಿನ ಪಿಯಾನೋ ವಾದಕರ ಮುಂದೆ ಸಿದ್ಧ ತುಣುಕುಗಳ ಪುಸ್ತಕ ಇರುತ್ತಿತ್ತು. ಓಟಕ್ಕೊಂದು, ಕಳ್ಳತನಕ್ಕೊಂದು, 'ಇಂಡಿಯನ್ನರು' ಬಂದಾಗ ಇನ್ನೊಂದು. ಮಾತು ಬಂದ ಮೇಲೂ ಬಹಳ ಬದಲಾಗಲಿಲ್ಲ. ಜಾನ್ ಫೋರ್ಡ್ ಅವರ 'ಸ್ಟೇಜ್‌ಕೋಚ್' (1939) ಸಂಗೀತಕ್ಕೆ ಆಸ್ಕರ್ ಪಡೆಯಿತು, ನಿಜ. ಆದರೆ ಅದು ಹಲವು ಕೈಗಳು ಸೇರಿ ಜನಪದ ಮಟ್ಟುಗಳನ್ನು ಹೊಲಿದ ಕೌದಿ.

ನಿಜವಾದ ತಿರುವು ಬಂದದ್ದು ಸಿನಿಮಾದಿಂದಲ್ಲ, ನೃತ್ಯರಂಗದಿಂದ. 1938ರಲ್ಲಿ ಆರನ್ ಕಾಪ್ಲಂಡ್ 'ಬಿಲ್ಲಿ ದ ಕಿಡ್' ಎಂಬ ಬ್ಯಾಲೆಗೆ ಸಂಗೀತ ಬರೆದರು. ಬ್ರೂಕ್ಲಿನ್ನಿನ ವಲಸಿಗ ಯಹೂದಿ ಮನೆತನದ ಹುಡುಗ, ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಅವರ ಶಿಷ್ಯ. ಕೌಬಾಯ್ ಹಾಡುಗಳ ಸಂಗ್ರಹ ಮುಂದಿಟ್ಟುಕೊಂಡು ಈ ಕೃತಿಯ ಕೆಲಸದಲ್ಲಿ ತೊಡಗಿದ್ದೂ ಪ್ಯಾರಿಸ್ಸಿನಲ್ಲೇ. ಇದರ ಮೊದಲ ಭಾಗ ಖಾಲಿ ಬಯಲಿನ ಚಿತ್ರ. ಬಯಲನ್ನು ಸ್ವರದಲ್ಲಿ ಹೇಗೆ ಬಿಡಿಸುವುದು? ಕಾಪ್ಲಂಡ್ ಮಾಡಿದ್ದು ಸರಳ: ಪಾಶ್ಚಾತ್ಯ ಸ್ವರಮೇಳದ ನಡುವಿನ ಸ್ವರವನ್ನು ಕಿತ್ತುಹಾಕಿದರು. ಮೇಜರೋ ಮೈನರೋ, ಹಿಗ್ಗೋ ದುಗುಡವೋ ಎಂದು ಹೇಳುವುದು ಆ ನಡುವಿನ ಸ್ವರವೇ. ನಮ್ಮ ಲೆಕ್ಕದಲ್ಲಿ ಅದು ಗಾಂಧಾರ. ಅದಿಲ್ಲದೆ ಷಡ್ಜ, ಪಂಚಮ ಎರಡೇ ಉಳಿದರೆ ನಾದ ಯಾವ ಕಡೆಗೂ ವಾಲದೆ ತೆರೆದುಕೊಳ್ಳುತ್ತದೆ. ತಂಬೂರಿಯ ಎದುರು ಕೂತು ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಹಾಲಿವುಡ್‌ನಲ್ಲಿ 'ವಿಶಾಲ ಪಶ್ಚಿಮ' ಎಂದು ಕೇಳಿಸಿದ್ದರ ಬಹುಪಾಲು ಬೀಜ ಇಲ್ಲಿದೆ.

ಇನ್ನೊಂದು ದಾರಿ ದಿಮಿತ್ರಿ ತ್ಯೋಮ್ಕಿನ್ ಅವರದು. ಇಂದಿನ ಉಕ್ರೇನಿನ ಕ್ರೆಮೆಂಚುಕ್‌ನಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗ್ ಸಂಗೀತ ಶಾಲೆಯಲ್ಲಿ ಕಲಿತವರು. ಅವರ 'ಹೈ ನೂನ್' (1952) ತುತ್ತೂರಿ ಮೇಳದಿಂದ ಆರಂಭವಾಗುವುದೇ ಇಲ್ಲ. ಒಂದು ಡ್ರಮ್ಮಿನ ಮೆಲ್ಲನೆಯ ಹೆಜ್ಜೆ, ಗಿಟಾರ್, ಅಕಾರ್ಡಿಯನ್, ಟೆಕ್ಸ್ ರಿಟರ್ ಅವರ ದಪ್ಪ ಕಂಠ, ಅಷ್ಟೇ. ನೆಡ್ ವಾಷಿಂಗ್ಟನ್ ಬರೆದ ಆ ಹಾಡಿನ ಎಳೆಯನ್ನೇ ಬಿಡಿಸಿ, ತಿರುಚಿ, ನಿಧಾನಿಸಿ ತ್ಯೋಮ್ಕಿನ್ ಇಡೀ ಚಿತ್ರದ ಹಿನ್ನೆಲೆ ಸಂಗೀತ ನೇಯ್ದರು. ಮಧ್ಯಾಹ್ನದ ರೈಲಿಗೆ ವೈರಿ ಬಂದಿಳಿಯುತ್ತಾನೆ. ಊರಲ್ಲಿ ಒಬ್ಬನೂ ಕಥಾನಾಯಕ ಮಾರ್ಷಲ್ ಕೇನ್‌ನ ಬೆನ್ನಿಗೆ ನಿಲ್ಲುವುದಿಲ್ಲ. ಹನ್ನೆರಡಕ್ಕೆ ಸ್ವಲ್ಪ ಮುಂಚಿನ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಬೇಕು. ಗಡಿಯಾರದ ಲೋಲಕ ಆಡುತ್ತದೆ, ಮೇಳ ಅದೇ ಹೆಜ್ಜೆಗೆ ಒಂದೊಂದೇ ಪೆಟ್ಟು ಹಾಕುತ್ತ ದಪ್ಪವಾಗುತ್ತದೆ. ಚರ್ಚಿನಲ್ಲಿ ಕುಳಿತವರು, ಸಾರಾಯಿ ಅಂಗಡಿಯವರು, ಖಾಲಿ ರಸ್ತೆ, ಖಾಲಿ ಕುರ್ಚಿ. ನಾದ ಇನ್ನೇನು ಒಡೆಯಬೇಕು ಎನ್ನುವಾಗ ರೈಲಿನ ಸಿಳ್ಳೆ ಅದನ್ನು ಕತ್ತರಿಸಿಬಿಡುತ್ತದೆ. ಆ ವರ್ಷದ ಹಾಡು ಮತ್ತು ಸಂಗೀತದ ಎರಡೂ ಆಸ್ಕರ್ ತ್ಯೋಮ್ಕಿನ್ ಪಾಲಾದವು. ಫ್ರಾಂಕಿ ಲೇನ್ ಹಾಡಿದ ಇದೇ ಹಾಡಿನ ರೆಕಾರ್ಡ್ ಭರ್ಜರಿಯಾಗಿ ಮಾರಾಟವಾಯಿತು. ಆಮೇಲೆ ಶೀರ್ಷಿಕೆ ಗೀತೆ ಇಲ್ಲದೆ ಕುದುರೆ ಏರುವುದೇ ಇಲ್ಲ ಎಂದು ನಿರ್ಮಾಪಕರು ಹಟ ಹಿಡಿದಂತಾಯಿತು. ಆ ಹಾಡುಗಳಲ್ಲಿ ಹೆಚ್ಚಿನವು ಮರೆತುಹೋದರೆ ನಷ್ಟವಿಲ್ಲ.

ಜೆರೋಮ್ ಮೊರಾಸ್ ಅವರ 'ದ ಬಿಗ್ ಕಂಟ್ರಿ' (1958) ಮಾತ್ರ ಮರೆಯುವ ಬಾಬತ್ತಲ್ಲ. ಮೊರಾಸ್ ಕೂಡ ಬ್ರೂಕ್ಲಿನ್ನಿನವರೇ, ವರ್ಷಗಟ್ಟಲೆ ಬೇರೆ ಸಂಯೋಜಕರ ಕೃತಿಗಳನ್ನು ವಾದ್ಯಗಳಿಗೆ ಹಂಚಿಕೊಡುವ ಕೆಲಸ ಮಾಡಿದವರು. 1936ರಲ್ಲಿ ಆಲ್ಬುಕರ್ಕಿ ಪಟ್ಟಣದ ಹೊರಗಿನ ಸಮತಟ್ಟು ನೆಲದಲ್ಲಿ ಅಡ್ಡಾಡಿದ ಅನುಭವವೇ ಈ ಸಂಗೀತದ ಮೂಲ ಎಂದು ಅವರು ನೆನೆಯುತ್ತಿದ್ದರು. ಹಾಗಾದರೆ ಆ ಒಂದು ನಡಿಗೆ ಸ್ವರವಾಗಲು ಇಪ್ಪತ್ತೆರಡು ವರ್ಷ ಹಿಡಿಯಿತು. ಸಾಲ್ ಬಾಸ್ ರೂಪಿಸಿದ ಶೀರ್ಷಿಕೆಯಲ್ಲಿ ಗಾಡಿಯ ಚಕ್ರಗಳು ತಿರುಗುವಾಗ ವಯಲಿನ್‌ಗಳೂ ಉಸಿರು ತೆಗೆದುಕೊಳ್ಳದೆ ಸುಳಿಯುತ್ತವೆ. ಅದರ ಮೇಲೆ ಹಿತ್ತಾಳೆ ವಾದ್ಯಗಳ ಕೂಗು, ಬಳಿಕ ಅಗಲವಾದ ಮುಖ್ಯ ರಾಗ. ಎಲ್ಲರೂ ಗುನುಗುವುದು ಆ ರಾಗವನ್ನೇ. ನನ್ನ ಮಟ್ಟಿಗೆ ಜೀವ ಇರುವುದು ಅದರ ಕೆಳಗೆ, ತಾಳ ತಪ್ಪಿಸಿ ಕುಣಿಯುವ ಪಕ್ಕವಾದ್ಯಗಳಲ್ಲಿ. ಅದನ್ನು ತೆಗೆದರೆ ರಾಗ ಮೆರವಣಿಗೆಯ ಬ್ಯಾಂಡ್ ಆಗಿಬಿಡುತ್ತದೆ. ಆಸ್ಕರ್‌ಗೆ ನಾಮನಿರ್ದೇಶನವಾಯಿತು, ಸಿಗಲಿಲ್ಲ. ಗೆದ್ದವರು ಮತ್ತೆ ತ್ಯೋಮ್ಕಿನ್, ಬೇರೊಂದು ಚಿತ್ರಕ್ಕೆ.

ಎರಡು ವರ್ಷದ ನಂತರ ಬಂದ ಎಲ್ಮರ್ ಬರ್ನ್‌ಸ್ಟೀನ್ ಅವರ 'ದ ಮ್ಯಾಗ್ನಿಫಿಸೆಂಟ್ ಸೆವೆನ್' ಇದೇ ಬಳ್ಳಿಯ ಕಾಯಿ. ಬರ್ನ್‌ಸ್ಟೀನ್ ಬಾಲ್ಯದಲ್ಲಿ ಕಾಪ್ಲಂಡ್ ಎದುರು ಪಿಯಾನೋ ನುಡಿಸಿ ಮೆಚ್ಚುಗೆ ಪಡೆದವರು. ಕುರೊಸಾವಾ ಅವರ ಜಪಾನೀ ಕಥೆ ಮೆಕ್ಸಿಕೋ ಹಳ್ಳಿಗೆ ಬಂದಾಗ ಚಿತ್ರದ ನಡೆ ಕೊಂಚ ಮಂದವಾಗಿತ್ತು. ಬರ್ನ್‌ಸ್ಟೀನ್ ಬೇಕೆಂದೇ ಸಂಗೀತವನ್ನು ದೃಶ್ಯಕ್ಕಿಂತ ವೇಗವಾಗಿ ಓಡಿಸಿದರು. ಆ ರಾಗವನ್ನು ಸಿಗರೇಟಿನ ಜಾಹೀರಾತು ಎಷ್ಟು ಬಳಸಿತೆಂದರೆ, ಒಂದು ತಲೆಮಾರಿಗೆ ಅದು ಮಾರ್ಲ್‌ಬೊರೊ ರಾಗವೇ ಆಯಿತು.

ಮೆಚ್ಚುತ್ತ ಹೋಗುವಾಗ ಒಂದು ಲೋಪವನ್ನು ಮುಚ್ಚಿಡಬಾರದು. ಅಮೆರಿಕದ ಮೂಲನಿವಾಸಿಗಳಾದ ಅಪಾಚೆ, ಕೊಮಾಂಚೆ, ಸೂ ಬೇರೆಬೇರೆ ಜನ, ಬೇರೆಬೇರೆ ಹಾಡು. ತೆರೆಯ ಮೇಲೆ ಬಹುತೇಕ ಎಲ್ಲರಿಗೂ ಒಂದೇ ಗುರುತು: ಮೊದಲ ಪೆಟ್ಟಿಗೆ ಒತ್ತು ಕೊಟ್ಟು ನಾಲ್ಕೆಣಿಸುವ ಡ್ರಮ್, ಮೇಲೊಂದು ಬೆದರಿಕೆಯ ಹಾರ್ನ್. ಮೂಕಿ ಕಾಲದ ಪಿಯಾನೋ ಪುಸ್ತಕದಿಂದ ಎದ್ದು ಬಂದ ಈ ಸೂತ್ರವನ್ನು ದೊಡ್ಡ ಸಂಯೋಜಕರೂ ಪ್ರಶ್ನಿಸದೆ ಬಳಸಿದರು. ನೆಲದ ಮೇಲೆ ಯಾರೂ ಇಲ್ಲ ಎಂಬಂತೆ ಬಯಲನ್ನು ಗಾಂಧಾರವಿಲ್ಲದೆ ಹಾಡಿದ್ದಕ್ಕೂ ಇದಕ್ಕೂ ನಂಟಿದೆ ಎಂದೇ ನನ್ನ ಅನಿಸಿಕೆ.

ಹಳೆಯ ಮೇಳವನ್ನು ಒಡೆದದ್ದು ಇಟಲಿ. ತ್ಯೋಮ್ಕಿನ್ 'ರಿಯೊ ಬ್ರಾವೊ' (1959) ಚಿತ್ರಕ್ಕೆ 'ದೆಗ್ವೆಯೊ' ಎಂಬ ಟ್ರಂಪೆಟ್ ರಾಗ ಕಟ್ಟಿದ್ದರು; ಶತ್ರುವಿಗೆ ಕರುಣೆಯಿಲ್ಲ ಎಂಬ ಸಂಕೇತ ಅದು. ಸೆರ್ಜಿಯೊ ಲಿಯೊನೆ ತಮ್ಮ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' (1964) ಚಿತ್ರದ ಕೊನೆಯ ಕಾಳಗಕ್ಕೆ ಅದನ್ನೇ ಬಯಸಿದರು. ಚಿತ್ರದ ಸಂಯೋಜಕ, ಲಿಯೊನೆಯ ಪ್ರಾಥಮಿಕ ಶಾಲೆಯ ಸಹಪಾಠಿ ಎನ್ನಿಯೊ ಮೊರಿಕೊನೆ ಒಪ್ಪಲಿಲ್ಲ. ಯೂಜೀನ್ ಓನೀಲ್ ನಾಟಕಗಳ ಟಿವಿ ಪ್ರಯೋಗಕ್ಕೆಂದು ಹಿಂದೆ ಬರೆದಿದ್ದ ಜೋಗುಳವೊಂದನ್ನು ಹೊರತೆಗೆದು ಟ್ರಂಪೆಟ್ಟಿಗೆ ಕೊಟ್ಟರು. ಜೋಗುಳ ಕೊಲೆಗೆ ಒದಗಿತು! ಕಡಿಮೆ ಬಜೆಟ್ಟಿನ ಆ ಚಿತ್ರದಲ್ಲಿ ದೊಡ್ಡ ಮೇಳದ ಜಾಗಕ್ಕೆ ಅಲೆಸಾಂದ್ರೊ ಅಲೆಸಾಂದ್ರೊನಿ ಅವರ ಸಿಳ್ಳೆ, ಎಲೆಕ್ಟ್ರಿಕ್ ಗಿಟಾರ್, ಚಾಟಿ, ಗಂಟೆ ಬಂದವು. ತಮಾಷೆಯೆಂದರೆ ಮೊರಿಕೊನೆಯ ಹೆಸರು ತೆರೆಯ ಮೇಲೆ ಬಂದದ್ದು 'ಡ್ಯಾನ್ ಸ್ಯಾವಿಯೊ' ಎಂಬ ಅಮೆರಿಕನ್ ವೇಷದಲ್ಲಿ.

ಲಿಯೊನೆಯ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' (1968) ಹೊತ್ತಿಗೆ ಕ್ರಮವೇ ತಲೆಕೆಳಗಾಯಿತು. ಸಂಗೀತ ಮೊದಲು, ಚಿತ್ರೀಕರಣ ಆಮೇಲೆ; ಧ್ವನಿಮುದ್ರಿಕೆಯನ್ನು ಸೆಟ್ಟಿನಲ್ಲಿ ಹಾಕಿ ನಟರನ್ನು ನಡೆಸಿದರು. ನಾಯಕಿ ಜಿಲ್ ರೈಲಿನಿಂದಿಳಿದು ನಿಲ್ದಾಣ ದಾಟುವಾಗ ಕ್ಯಾಮೆರಾ ಕ್ರೇನ್ ಏರಿ ಮಾಡಿನಾಚೆ ಊರು ತೋರಿಸುತ್ತದೆ. ಎದ್ದಾ ದೆಲ್ಲೊರ್ಸೊ ಅವರ ಸಾಹಿತ್ಯವಿಲ್ಲದ ಕಂಠದ ಜೊತೆ ಮೇಳ ಉಕ್ಕುವುದೂ ಆಗಲೇ. ಆದರೆ ಅದೇ ಚಿತ್ರದ ಮೊದಲ ಹಲವು ನಿಮಿಷ ಸಂಗೀತವೇ ಇಲ್ಲ. ಮೂವರು ಹಂತಕರು ಕಾಯುತ್ತಾರೆ. ಟೋಪಿಯ ಮೇಲೆ ನೀರು ತೊಟ್ಟಿಕ್ಕುತ್ತದೆ, ನೊಣ ಗುಂಯ್‌ಗುಡುತ್ತದೆ, ಎಣ್ಣೆ ಕಾಣದ ಗಾಳಿಯಂತ್ರ ಕಿರುಗುಡುತ್ತದೆ. ರೈಲು ಸರಿದ ಮೇಲೆ ಕೇಳುವುದು ಒಂದು ಮೌತ್ ಆರ್ಗನ್. ದನಗಾಹಿಯ ಜೇಬಿನ ಅದೇ ವಾದ್ಯ.

ಏಳು ವರ್ಷದ ಬಳಿಕ ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ' ತೆರೆಕಂಡಿತು. ಜಗುಲಿಯಲ್ಲಿ ಕೂತ ಜೈ ಕೈಯಲ್ಲಿ ಮೌತ್ ಆರ್ಗನ್. ಠಾಕೂರರ ಕುಟುಂಬದ ಕೊಲೆಯ ದೃಶ್ಯವಂತೂ ಲಿಯೊನೆಯ ಚಿತ್ರಕ್ಕೆ ನೇರವಾಗಿ ಋಣಿ. ಗುಂಡಿನ ಸದ್ದು ಅಡಗಿದ ಮೇಲೆ ಅಲ್ಲಿ ಕಿರುಗುಡುವುದು ಗಾಳಿಯಂತ್ರವಲ್ಲ, ಅಂಗಳದ ಉಯ್ಯಾಲೆ.